ಖಾಲಿ ಕುರ್ಚಿಯೂ ಒಂದು ಶಿಕ್ಷೆ

ನಮ್ಮ ಕೇರಿಯ ಒಬ್ಬ ಹುಡುಗನ ವಿಷಯದಿಂದ ಶುರು ಮಾಡ್ತೀನಿ. ಹೆಸರು ಬೇಡ. ಅವನ ಹೆಸರು ಈಗಾಗಲೇ ಬೇಕಾದಷ್ಟು ರಿಜಿಸ್ಟರುಗಳಲ್ಲಿ ಬರೆದಾಗಿದೆ. ಪಿ.ಯು.ಸಿ. ಮೊದಲನೇ ವರ್ಷಕ್ಕೆ ಓದು ಬಿಟ್ಟು ಗುಜರಿ ಅಂಗಡಿ ಸೇರಿದವನು. 2022ರಲ್ಲಿ, ಅವನಿಗೆ 19 ತುಂಬಿದ್ದಾಗ, ಊರ ಗೌಡರ ತೋಟದ ಪಂಪ್‌ಸೆಟ್ಟಿನ ಕೇಬಲ್ ಕಿತ್ತು, ಸುಟ್ಟು, ಒಳಗಿನ ತಾಮ್ರ ಮಾರಿದ ಅಂತ ಪೊಲೀಸರು ಹಿಡಿದರು. ಕದ್ದದ್ದು ನಿಜ. ಅದನ್ನ ಮುಚ್ಚಿಟ್ಟು ನಾನಿಲ್ಲಿ ಬರೀತಾ ಇಲ್ಲ.

ಜಾಮೀನಿಗೆ ಪಹಣಿ ಇರೋರು ಬರಬೇಕು ಅಂದರು. ನಮ್ಮ ಕೇರಿಯಲ್ಲಿ ಪಹಣಿ ಯಾರ ಹೆಸರಲ್ಲಿದೆ? ಇದ್ದ ಒಬ್ಬರ ಮೂವತ್ತು ಗುಂಟೆ ಸೊಸೈಟಿಗೆ ಅಡವಾಗಿತ್ತು. ಹುಡುಗ ನಾಲ್ಕು ತಿಂಗಳು ಒಳಗೇ ಇದ್ದ. ಆಮೇಲೆ ವಕೀಲರು, "ತಪ್ಪು ಒಪ್ಕೊಂಡ್ಬಿಡಪ್ಪ, ಒಳಗಿದ್ದ ದಿನಾನೇ ಶಿಕ್ಷೆ ಅಂತ ಬರೆದು ಬಿಟ್ಟುಬಿಡ್ತಾರೆ" ಅಂದರು. ಒಪ್ಪಿಕೊಂಡ. ಮ್ಯಾಜಿಸ್ಟ್ರೇಟರು ವಯಸ್ಸು ನೋಡಿದರು. 21 ತುಂಬಿಲ್ಲ, ಮೊದಲನೇ ಕೇಸು, ಪ್ರೊಬೇಷನ್ ಅಧಿಕಾರಿಯ ವರದಿ ತರಿಸಿ ಅಂತ ಆದೇಶ ಮಾಡಿದರು. ಒಂದು ವಾಯಿದೆ ಹೋಯಿತು. ಎರಡನೇ ವಾಯಿದೆಯೂ ಹೋಯಿತು. ವರದಿ ಬರಲಿಲ್ಲ.

ಅವನ ಅವ್ವನ್ನ ಕರ್ಕೊಂಡು ನಾನೇ ಜಿಲ್ಲಾ ಕಚೇರಿಗೆ ಹೋದೆ. ಆಗ ನಾನು ಬಿ.ಎ. ಕಡೇ ವರ್ಷ. ಅವ್ವ ಬಾಗಿಲ ಹೊರಗೇ ನಿಂತು, "ಸ್ವಾಮಿ, ನನ್ ಮಗನ ಕಾಗ್ದ ಒಂದು ಕೋರ್ಟಿಗೆ ಹೋಗ್ಬೇಕಿತ್ತಂತೆ" ಅಂದಳು. ಗುಮಾಸ್ತರು ತಲೆ ಎತ್ತದೆ, "ಆ ಪೋಸ್ಟೇ ಖಾಲಿ ಕಣಮ್ಮ. ಚಾರ್ಜಲ್ಲಿರೋರು ಇವತ್ತು ಪಕ್ಕದ ಜಿಲ್ಲೇಲಿದಾರೆ. ಸೋಮವಾರ ಬಾ" ಅಂದರು. ಸೋಮವಾರ ಹೋದರೆ ಮೀಟಿಂಗು. ಕೂಲಿ ಬಿಟ್ಟು, ಬಸ್ಸಿಗೆ ಸಾಲ ಮಾಡಿ ಮೂರನೇ ಸಲ ಹೋದಾಗ ಅಧಿಕಾರಿ ಸಿಕ್ಕರು.

ಗೆಳೆಯರೇ, ಬೈಯೋಕೆ ಅಂತ ನಾಲ್ಕು ಮಾತು ಸಿದ್ಧ ಮಾಡ್ಕೊಂಡೇ ಒಳಗೆ ಹೋಗಿದ್ದೆ. ಅಲ್ಲಿ ಕೂತಿದ್ದಾಕೆ ನಮ್ಮ ಹಾಗೇ ಹಾಸ್ಟೆಲ್ಲಿನ ಅನ್ನ ತಿಂದು ಎಂ.ಎಸ್.ಡಬ್ಲ್ಯು. ಮಾಡಿದ ಹೆಣ್ಣುಮಗಳು. ಗುತ್ತಿಗೆ ನೌಕರಿ. ಮಕ್ಕಳ ಕೇಸುಗಳಿಗೆ ಅಂತ ತಗೊಂಡವರ ತಲೆ ಮೇಲೆ, ಖಾಲಿ ಬಿದ್ದ ಖಾಯಂ ಹುದ್ದೆಯ ದೊಡ್ಡವರ ಕೇಸುಗಳನ್ನೂ ಹೊರಿಸಿದ್ದರು. ಮೇಜಿನ ಮೇಲೆ, ಕಿಟಕಿ ಮೇಲೆ, ನೆಲದ ಮೇಲೆ ಫೈಲು. "ನೋಡಪ್ಪ, ನಿಮ್ಮೂರಿಗೆ ನಾನು ಬರ್ಬೇಕು, ಬಂದು ನೋಡ್ಬೇಕು, ಆಮೇಲೆ ಬರೀಬೇಕು. ಜೀಪಿಲ್ಲ. ಬಸ್ಸಲ್ಲೇ ಓಡಾಡೋದು. ನೋಡದೇ ಬರೆದ್ರೆ ಸುಳ್ಳಾಗುತ್ತೆ. ನೋಡಿ ಬರೀತೀನಿ ಅಂದ್ರೆ ತಡ ಆಗುತ್ತೆ. ನೀನೇ ಹೇಳು, ಯಾವುದು ಮಾಡ್ಲಿ?" ಅಂದರು. ನನ್ನ ಬಾಯಿ ಕಟ್ಟಿಹೋಯಿತು.

ಮೂರನೇ ವಾಯಿದೆಗೆ ಹುಡುಗನೇ, "ಸಾಕಣ್ಣ, ಮುಗಿಸ್ಕೊಂಡ್ಬಿಡನ" ಅಂದ. ಒಳಗಿದ್ದ ದಿನಗಳೇ ಶಿಕ್ಷೆ ಅಂತ ಬರೆದು ಬಿಟ್ಟರು. ಕೇರಿಯಲ್ಲಿ ಕೋಳಿ ಕುಯ್ದು ಹಬ್ಬ ಮಾಡಿದರು. ಎಂಟು ತಿಂಗಳ ಮೇಲೆ ಅವನು ಪಟ್ಟಣದಲ್ಲಿ ಕಸದ ಗಾಡಿ ಓಡಿಸೋ ಕೆಲಸಕ್ಕೆ ಅರ್ಜಿ ಹಾಕಿದ. ಅರ್ಜಿಯಲ್ಲಿ ಒಂದು ಸಾಲಿತ್ತು: ಹಿಂದೆ ಯಾವುದಾದರೂ ಪ್ರಕರಣದಲ್ಲಿ ಶಿಕ್ಷೆ ಆಗಿದೆಯೇ? ಆಗಿದೆ ಅಂತ ನಿಜ ಬರೆದ. ಅರ್ಜಿ ವಾಪಸ್ಸು ಬಂತು.

ಮೇಲು ಜಾತಿಯವರು ಯಾರೂ ಮಾಡೋಕೆ ಬಾರದ ಕೆಲಸ ಅದು. ಅದಕ್ಕೂ ಅವನು ನಾಲಾಯಕ್ಕಾದ. ತಾಮ್ರ ಕದ್ದದ್ದಕ್ಕೆ ಅವನಿಗೆ ನಾಲ್ಕು ತಿಂಗಳು. ಕುರ್ಚಿ ಖಾಲಿ ಇದ್ದದ್ದಕ್ಕೆ ಜೀವಮಾನ.

ಈಗ ಕಾನೂನು ಏನು ಹೇಳುತ್ತೆ ನೋಡಿ. ಇದನ್ನ ಹಾಸ್ಟೆಲ್ಲಿನ ಪ್ರತಿಯೊಬ್ಬ ಹುಡುಗ, ಹುಡುಗಿ ಬಾಯಿಪಾಠ ಮಾಡಬೇಕು. 1958ರಲ್ಲಿ ಪಾರ್ಲಿಮೆಂಟು ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ ಮಾಡಿತು. ಕೋರ್ಟಿನವರು ಪ್ರೊಬೇಷನ್ ಆಕ್ಟು ಅಂತಾರೆ. ಸಣ್ಣ ಕಳ್ಳತನ, ಎರಡು ವರ್ಷದೊಳಗಿನ ಶಿಕ್ಷೆಯ ಅಪರಾಧ, ಹಿಂದೆ ಶಿಕ್ಷೆ ಆಗಿಲ್ಲ ಅಂದರೆ ಬುದ್ಧಿ ಹೇಳಿ ಬಿಡಬಹುದು ಅನ್ನುತ್ತೆ 3ನೇ ಕಲಂ. ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು, ಗರಿಷ್ಠ ಮೂರು ವರ್ಷದ ತನಕ ಒಬ್ಬ ಅಧಿಕಾರಿಯ ಕಣ್ಣಳತೆಯಲ್ಲಿ ಬಿಡಬಹುದು ಅನ್ನುತ್ತೆ 4ನೇ ಕಲಂ. 21 ತುಂಬದವನನ್ನ, ಜೀವಾವಧಿ ಶಿಕ್ಷೆಯ ಅಪರಾಧ ಆಗಿರದಿದ್ದರೆ, ಸುಮ್ಮಸುಮ್ಮನೆ ಜೈಲಿಗೆ ಹಾಕಕೂಡದು. ಹಾಕಿದರೆ ಕಾರಣ ಬರೆಯಬೇಕು. ಅದಕ್ಕೆ ಮೊದಲು ಪ್ರೊಬೇಷನ್ ಅಧಿಕಾರಿಯ ವರದಿ ತರಿಸಬೇಕು ಅನ್ನುತ್ತೆ 6ನೇ ಕಲಂ. ಹೀಗೆ ಬಿಟ್ಟವನಿಗೆ, ಶಿಕ್ಷೆಯ ಕಾರಣದಿಂದ ಕಾನೂನುಪ್ರಕಾರ ಅಂಟುವ ಅನರ್ಹತೆ ಅಂಟಕೂಡದು ಅನ್ನುತ್ತೆ 12ನೇ ಕಲಂ. ತೀರ್ಪು ಪೂರ್ತಿ ಅಳಿಸಿಹೋಗಲ್ಲ ಅಂತ ಮುಂದೆ ನ್ಯಾಯಾಲಯಗಳು ಹೇಳಿವೆ, ಸರಿ. ಆದರೂ ಆ 12ನೇ ಕಲಮನ್ನ ಹಿಡ್ಕೊಂಡು ನಮ್ಮ ಹುಡುಗ ಆ ಅರ್ಜಿಯ ಸಾಲಿನ ಮುಂದೆ ನಿಂತು ವಾದ ಮಾಡಬಹುದಿತ್ತು. ಈಗ ವಾದಕ್ಕೂ ಏನೂ ಉಳಿದಿಲ್ಲ.

ಗಮನಿಸಿ, ಈ ಬಾಗಿಲುಗಳಿಗೆಲ್ಲ ಒಂದೇ ಬೀಗದ ಕೈ. ಅದು ವರದಿ. 4ನೇ ಕಲಮಿನಲ್ಲಿ ಇನ್ನೊಂದು ಷರತ್ತೂ ಇದೆ: ಅಪರಾಧಿಗೋ ಅವನ ಜಾಮೀನುದಾರನಿಗೋ ಖಾಯಂ ವಾಸದ ಜಾಗವೋ, ಕ್ರಮವಾದ ಉದ್ಯೋಗವೋ ಇರಬೇಕು. ತೋಟದ ಮನೆ ಇರೋನಿಗೆ, ತಂದೆ ಮೇಷ್ಟ್ರೋ ಶಾನುಭೋಗರೋ ಆಗಿರೋನಿಗೆ ಇದು ಷರತ್ತೇ ಅಲ್ಲ, ವಕೀಲ ಒಂದು ಮಾತು ಹೇಳಿದರೆ ಆಯಿತು. ವಲಸೆ ಹೋಗಿ ಇಟ್ಟಿಗೆ ಗೂಡಲ್ಲಿ ದುಡಿಯೋನು, ಪ್ಲಾಸ್ಟಿಕ್ ಹೊದಿಸಿದ ಜೋಪಡಿಯೋನು ಏನು ತೋರಿಸ್ತಾನೆ? 1978ರಲ್ಲಿ ಮಧ್ಯಪ್ರದೇಶದ ಮೋತಿರಾಮ್ ಅನ್ನೋ ಗಾರೆ ಕೆಲಸದವನ ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು. ಅವನ ಅಣ್ಣತಮ್ಮನ ಜಾಮೀನನ್ನ, ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಅಂತ ಕೆಳಗಿನ ಕೋರ್ಟು ಒಪ್ಪಿರಲಿಲ್ಲ. ಬಡವನಿಗೆ ಭಾರಿ ಜಾಮೀನು ಕೇಳೋದು ಅನ್ಯಾಯ ಅಂತ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಆಗಲೇ ಹೇಳಿದರು. ಹೇಳಿ ನಲವತ್ತು ವರ್ಷದ ಮೇಲಾಯಿತು. ನಮ್ಮವರ ಹತ್ತಿರ ಪಹಣಿ ಇಲ್ಲ. "ಇವನು ಇಂಥ ಊರಿನೋನು, ಇಂಥವಳ ಮಗ, ಊರಲ್ಲಿ ಇವನನ್ನ ಬಲ್ಲವರಿದ್ದಾರೆ, ಇವನಿಗೆ ಒಂದು ಅವಕಾಶ ಕೊಡಬಹುದು" ಅಂತ ಸರ್ಕಾರದ ಮೊಹರಿನ ಜೊತೆ ಹೇಳಬಲ್ಲ ಕಾಗದ ಇಡೀ ಕಾನೂನಿನಲ್ಲಿ ಅದೊಂದೇ. ಉಳ್ಳವನಿಗೆ ವರದಿ ಬರದಿದ್ದರೂ ನಡೆಯುತ್ತೆ. ಇಲ್ಲದವನಿಗೆ ವರದಿ ಬರದಿದ್ದರೆ ಅವನೂ ಇಲ್ಲದ ಹಾಗೇ.

ಈ ಪ್ರೊಬೇಷನ್ ಅನ್ನೋದನ್ನ ಶುರು ಮಾಡಿದ್ದು ಯಾರು ಗೊತ್ತೇ? ಯಾವ ನ್ಯಾಯಾಧೀಶನೂ ಅಲ್ಲ, ಪಂಡಿತನೂ ಅಲ್ಲ. ಅಮೆರಿಕದ ಬೋಸ್ಟನ್ನಿನ ಒಬ್ಬ ಬೂಟು ಮಾಡುವವನು. ಹೆಸರು ಜಾನ್ ಅಗಸ್ಟಸ್. 1841ರಲ್ಲಿ ಕೋರ್ಟಿಗೆ ಹೋಗಿ, ಕುಡಿದು ಬಿದ್ದಿದ್ದಕ್ಕೆ ಹಿಡಿದು ತಂದ ಒಬ್ಬನಿಗೆ ತಾನೇ ಜಾಮೀನು ನಿಂತ. ಮೂರು ವಾರದ ಮೇಲೆ ಅದೇ ಮನುಷ್ಯನನ್ನ ಹದಕ್ಕೆ ತಂದು ಕೋರ್ಟಿನ ಮುಂದೆ ನಿಲ್ಲಿಸಿದ. ನ್ಯಾಯಾಧೀಶ ಒಂದು ಸೆಂಟ್ ದಂಡ ಹಾಕಿ, ಖರ್ಚು ಕಟ್ಟಿಸಿಕೊಂಡು ಬಿಟ್ಟ. ಆಮೇಲೆ ಆ ಬೂಟಿನವನು 1859ರಲ್ಲಿ ಸಾಯೋತನಕ ಎರಡು ಸಾವಿರಕ್ಕೆ ಹತ್ತಿರ ಹತ್ತಿರ ಜನಕ್ಕೆ ಜಾಮೀನು ನಿಂತ. ಅಂಗಡಿ ಹಾಳಾದರೂ ಬಿಡಲಿಲ್ಲ. ಅವನ ಊರಿನ ರಾಜ್ಯ 1878ರಲ್ಲಿ ಸಂಬಳದ ಪ್ರೊಬೇಷನ್ ಅಧಿಕಾರಿಯನ್ನ ನೇಮಿಸೋ ಕಾಯ್ದೆ ಮಾಡಿತು. ಚರ್ಮದ ಕೆಲಸದವನೊಬ್ಬ ಕೈಯಿಂದ ದುಡ್ಡು ಹಾಕಿ ಮಾಡಿದ ಕೆಲಸವನ್ನ, ಇಷ್ಟು ದೊಡ್ಡ ಸರ್ಕಾರ ಖಜಾನೆ ಇಟ್ಕೊಂಡು ಮಾಡೋಕಾಗಲ್ಲ ಅನ್ನುತ್ತೆ. ನಾಚಿಕೆ ಆಗಬೇಕು.

ಆಗಲ್ಲ ಅನ್ನೋದಲ್ಲ, ಮಾಡೋ ಮನಸ್ಸಿಲ್ಲ. ಲೆಕ್ಕ ಹಾಕೋಣ ಬನ್ನಿ. ಇದು ನನ್ನ ಲೆಕ್ಕ, ನೀವೂ ಹಾಕಿ ನೋಡಿ. ಒಂದು ಪ್ರಾಮಾಣಿಕ ವರದಿಗೆ ಎಷ್ಟು ದಿನ ಬೇಕು? ಹುಡುಗನನ್ನ ಕಂಡು ಮಾತಾಡೋಕೆ ಒಂದು ದಿನ. ಊರಿಗೆ ಹೋಗಿ ಮನೆ, ನೆರೆಹೊರೆ, ಸ್ಕೂಲು, ದುಡಿಯೋ ಜಾಗ, ಕಳಕೊಂಡವನ ಮನೆ ನೋಡೋಕೆ ಒಂದು ದಿನ. ಕೂತು ಬರೆಯೋಕೆ ಒಂದು ದಿನ. ಒಟ್ಟು ಮೂರು. ತಿಂಗಳಿಗೆ ರಜೆ ಕಳೆದು 24 ದಿನ ಅಂದರೆ ಎಂಟು ವರದಿ. ಅದೂ ಬೇರೇನೂ ಕೆಲಸ ಇಲ್ಲದಿದ್ದರೆ. ಈಗಾಗಲೇ ಬಿಟ್ಟವರನ್ನ ಹೋಗಿ ನೋಡಬೇಕಲ್ಲ? ಮೇಲ್ವಿಚಾರಣೆ ಅಂತ ಆದೇಶ ಮಾಡಿದರೆ ಅದು ಒಂದು ವರ್ಷಕ್ಕೆ ಕಡಿಮೆ ಇರುವಂತಿಲ್ಲ. ಅವರಿಗೆ ಕೆಲಸ ಹುಡುಕಿಕೊಡೋದೂ ಈ ಅಧಿಕಾರಿಯ ಕರ್ತವ್ಯ ಅಂತ 14ನೇ ಕಲಂ ಹೇಳುತ್ತೆ. ಕೋರ್ಟಿಗೆ ಹಾಜರಾಗಬೇಕು. ಮೇಲಿನವರ ಮೀಟಿಂಗು, ನಮೂನೆ, ಅಂಕಿಅಂಶ. ಕಡೆಗೆ ಕೈಲಿ ಉಳಿಯೋದು ನಾಲ್ಕು ವರದಿ. ಇಡೀ ವರ್ಷಕ್ಕೆ ನಲವತ್ತೆಂಟು. ಒಂದು ಜಿಲ್ಲೆಯಲ್ಲಿ ಕೋರ್ಟುಗಳೆಷ್ಟು, ಠಾಣೆಗಳೆಷ್ಟು, ಹಿಡಿದು ತರೋ ಹುಡುಗರೆಷ್ಟು?

ಮಕ್ಕಳ ವಿಷಯ ಇನ್ನೂ ಕಷ್ಟ. 18 ತುಂಬದವರಿಗೆ 2015ರ ಬಾಲನ್ಯಾಯ ಕಾಯ್ದೆ ಇದೆ. ಮಗುವನ್ನ ಮಂಡಳಿಯ ಮುಂದೆ ಮೊದಲು ಹಾಜರುಪಡಿಸಿದ 15 ದಿನದೊಳಗೆ ಪರಿವೀಕ್ಷಣಾಧಿಕಾರಿ ಸಾಮಾಜಿಕ ತನಿಖಾ ವರದಿ ಕೊಡಬೇಕು. ಮನೆ ಹೇಗಿದೆ, ಓದು ಯಾಕೆ ಬಿಟ್ಟ, ಜೊತೆಗಾರರು ಯಾರು, ಎಲ್ಲಾ ಬರೆಯಬೇಕು. 2009ರಲ್ಲಿ ಬಂದ ಕೇಂದ್ರದ ಮಕ್ಕಳ ರಕ್ಷಣಾ ಯೋಜನೆ ಜಿಲ್ಲಾ ಘಟಕಕ್ಕೆ ಕೊಟ್ಟದ್ದು ಕಾನೂನು ಮತ್ತು ಪರಿವೀಕ್ಷಣಾಧಿಕಾರಿ ಅಂತ ಒಂದೇ ಒಂದು ಹುದ್ದೆ. ಒಬ್ಬರೇ ಕಾನೂನೂ ನೋಡಬೇಕು, ಪರಿವೀಕ್ಷಣೆಯೂ ಮಾಡಬೇಕು. ಅದೂ ಗುತ್ತಿಗೆ ಮೇಲೆ. ಯೋಜನೆಯ ಹೆಸರು ಬದಲಾಯಿಸಿ ಮಿಷನ್ ವಾತ್ಸಲ್ಯ ಅಂತ ಇಟ್ಟರು. ಹೆಸರಿಗೆ ವಾತ್ಸಲ್ಯ ಬಂತು, ಹುದ್ದೆ ಒಂದೇ ಉಳೀತು.

15 ದಿನ ಅನ್ನೋ ಗಡುವು, ಒಬ್ಬರೇ ಅಧಿಕಾರಿ. ಇಂಥ ಕಡೆ ಏನಾಗುತ್ತೆ? ವರದಿ ಬರಲ್ಲ, ಇಲ್ಲಾ ಅಚ್ಚು ಹೊಡೆದ ವರದಿ ಬರುತ್ತೆ. ತಂದೆ ಕುಡುಕ, ತಾಯಿ ಕೂಲಿ, ಪರಿಸರ ಸರಿಯಿಲ್ಲ. ಊರಿಗೆ ಬರದೇ ಬರೆದರೆ ನಮ್ಮ ಕೇರಿಗಳೆಲ್ಲ ಕಾಗದದ ಮೇಲೆ ಒಂದೇ ಥರ ಕಾಣ್ತವೆ. ಆ ನಮೂನೆಯಲ್ಲಿ ಜಾತಿಗೂ ಒಂದು ಕಾಲಂ ಇದೆ. ಸಮಯ ಇಲ್ಲದ ಅಧಿಕಾರಿ ಅದೊಂದು ಕಾಲಂ ನೋಡಿ ಮಿಕ್ಕ ಕಾಲಂ ಎಲ್ಲಾ ತುಂಬಿಬಿಡಬಹುದು. ಕೆಲಸದ ಹೊರೆ ಅಂದರೆ ನೌಕರರ ಸಂಘದ ಸಮಸ್ಯೆ ಮಾತ್ರ ಅಂದ್ಕೋಬೇಡಿ. ಹೊರೆ ಹೆಚ್ಚಾದ ಕಡೆ ಪೂರ್ವಗ್ರಹವೇ ಅಧಿಕಾರಿಯ ಕೆಲಸ ಮಾಡುತ್ತೆ.

ಇನ್ನು ನೇಮಕಾತಿ. ಯಾಕೆ ಖಾಯಂ ತುಂಬಲ್ಲ? ದುಡ್ಡಿಲ್ಲ ಅಂತಾರೆ. ಜೈಲಿಗೆ ಹೊಸ ಬ್ಯಾರಕ್ ಕಟ್ಟೋಕೆ ದುಡ್ಡಿದೆ. ಗೆಳೆಯರೇ, ಖಾಲಿ ಹುದ್ದೆ, ಗುತ್ತಿಗೆ, ಹೊರಗುತ್ತಿಗೆ ಅನ್ನೋದು ಮೀಸಲಾತಿಯನ್ನ ಸದ್ದಿಲ್ಲದೆ ಕೊಲ್ಲೋ ದಾರಿ. 2022ರಲ್ಲಿ ಕರ್ನಾಟಕ ಸರ್ಕಾರ ಪರಿಶಿಷ್ಟ ಜಾತಿಗೆ ನೂರಕ್ಕೆ 15 ಇದ್ದದ್ದನ್ನ 17 ಮಾಡಿತು, ಪಂಗಡಕ್ಕೆ 3 ಇದ್ದದ್ದನ್ನ 7 ಮಾಡಿತು. ಬ್ಯಾನರು ಕಟ್ಟಿದರು, ಸಿಹಿ ಹಂಚಿದರು. ಸೊನ್ನೆಯಲ್ಲಿ 17 ಭಾಗ ಎಷ್ಟು? ಸೊನ್ನೆ. ಒಂಟಿ ಹುದ್ದೆಯ ವೃಂದದಲ್ಲಿ ಮೀಸಲಾತಿ ಇಲ್ಲ ಅಂತ ಸುಪ್ರೀಂ ಕೋರ್ಟು 1998ರಲ್ಲೇ ಹೇಳಿಬಿಟ್ಟಿದೆ. ಜಿಲ್ಲೆಗೊಂದು ಅಂತ ಬಿಡಿಬಿಡಿಯಾಗಿ ಗುತ್ತಿಗೆಗೆ ಕರೆದರೆ ರೋಸ್ಟರಿನ ಬಿಂದು ಎಲ್ಲಿ ಬೀಳಬೇಕು? ಇಡೀ ರಾಜ್ಯಕ್ಕೆ ಒಂದು ವೃಂದ ಅಂತ ಮಾಡಿ ಒಟ್ಟಿಗೆ ಕರೆಯಲಿ, ಆಗ ನೋಡೋಣ.

ಇದರಲ್ಲಿ ಹೊಟ್ಟೆಪಾಡಿನ ಪ್ರಶ್ನೆ ಇದೆ, ಸುಳ್ಳಾಡಲ್ಲ. ಸಮಾಜಕಾರ್ಯ, ಸಮಾಜಶಾಸ್ತ್ರ, ಮನಶ್ಶಾಸ್ತ್ರ ಓದಿ ಹಾಸ್ಟೆಲ್ ಬಿಟ್ಟ ಮೇಲೆ ಊರಿಗೂ ಹೋಗಲಾರದೆ, ಬೆಂಗಳೂರಲ್ಲಿ ಪಾರ್ಸೆಲ್ ಹೊತ್ತು ತಿರುಗ್ತಿರೋರು ನಮ್ಮಲ್ಲೇ ಎಷ್ಟು ಜನ ಇಲ್ಲ? ಆದರೆ ಅದಕ್ಕಿಂತ ದೊಡ್ಡ ಪ್ರಶ್ನೆ, ಆ ಕುರ್ಚಿಯಲ್ಲಿ ಯಾರು ಕೂರಬೇಕು ಅನ್ನೋದು. ಕೇರಿಯೊಳಗೆ ಕಾಲಿಟ್ಟು, ಆ ಮನೆಯ ನೀರು ಕುಡಿದು, ಆ ಅವ್ವನ ಮಾತು ಕೇಳಿ ಬರೆಯೋರು ಬೇಕು. ಊರ ಮುಂದಿನ ಅರಳಿಕಟ್ಟೆಯಲ್ಲಿ ಕೂತು, ಗೌಡರನ್ನ ಕೇಳಿ ಹುಡುಗನ ನಡತೆ ಬರೆಯೋ ಅಧಿಕಾರಿ ಬಂದರೆ ಕುರ್ಚಿ ತುಂಬಿದರೂ ಖಾಲಿ ಇದ್ದ ಹಾಗೇ. ನಮ್ಮವರೇ ಆದರೂ ಎಲ್ಲ ಸರಿಹೋಗುತ್ತೆ ಅಂತ ನಾನು ಹೇಳಲ್ಲ. ಮೇಜಿನ ಆ ಕಡೆ ಕೂತ ತಕ್ಷಣ ಕೇರಿ ಮರೆತವರನ್ನೂ ನೋಡಿದೀವಿ. ಆದರೆ ನೂರು ಜನ ಇದ್ದಾಗ ಹತ್ತು ಜನ ಮರೆಯಬಹುದು. ಒಬ್ಬರೇ ಇದ್ದು, ಅವರದೇ ಕೆಲಸ ಮುಂದಿನ ತಿಂಗಳು ಇರುತ್ತೋ ಇಲ್ಲವೋ ಅಂದಾಗ ಯಾರಿಗೂ ನೆನಪಿಟ್ಟುಕೊಳ್ಳೋ ಧೈರ್ಯ ಇರಲ್ಲ.

ಗುತ್ತಿಗೆಗೆ ಕೊಟ್ಟರೆ ಕೆಲಸ ಚುರುಕಾಗುತ್ತೆ ಅನ್ನೋರಿಗೆ ಇಂಗ್ಲೆಂಡಿನ ಪಾಠ ಹೇಳಬೇಕು. ನಮ್ಮ ಈ ಕಾನೂನಿನ ಬೇರು ಅಲ್ಲಿಯದೇ. 1907ರಲ್ಲಿ ಅಲ್ಲಿ ಮಾಡಿದ ಪ್ರೊಬೇಷನ್ ಕಾಯ್ದೆ ಅಧಿಕಾರಿಗೆ ಹೇಳಿದ ಕೆಲಸ ಸಲಹೆ ಕೊಡೋದು, ನೆರವಾಗೋದು, ಸ್ನೇಹಿತನಾಗೋದು. ನೂರು ವರ್ಷದಲ್ಲಿ ಕಟ್ಟಿದ್ದನ್ನ ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ 2014ರಲ್ಲಿ ಒಡೆದು ಎರಡು ಭಾಗ ಮಾಡಿದರು. ಹೆಚ್ಚು ಅಪಾಯದವರು ಸರ್ಕಾರಕ್ಕೆ, ಮಿಕ್ಕವರು 21 ಖಾಸಗಿ ಕಂಪನಿಗಳಿಗೆ. ಏನಾಯಿತು? ಕೆಲವು ಕಡೆ ಮನುಷ್ಯರನ್ನ ಮುಖ ನೋಡದೆ ಬರೀ ಫೋನಿನಲ್ಲಿ ವಿಚಾರಿಸೋ ಮಟ್ಟಕ್ಕೆ ಬಂತು ಅಂತ ಅಲ್ಲಿನ ತಪಾಸಣಾಧಿಕಾರಿಗಳೇ ಬರೆದರು. 2021ರ ಜೂನ್‌ನಲ್ಲಿ ಎಲ್ಲಾ ವಾಪಸ್ಸು ಸರ್ಕಾರವೇ ತಗೊಂಡಿತು. ಅಷ್ಟು ಹೊತ್ತಿಗೆ ಅನುಭವಸ್ಥರು ಎಷ್ಟೋ ಜನ ಬಿಟ್ಟು ಹೋಗಿದ್ದರು. ಉಳಿದವರ ತಲೆ ಮೇಲೆ ಅಳತೆ ಮೀರಿ ಕೇಸು. 2026ರ ಮಾರ್ಚ್ ಒಳಗೆ 1,300 ಹೊಸ ತರಬೇತಿ ಅಧಿಕಾರಿಗಳನ್ನ ಸೇರಿಸ್ಕೋತೀವಿ ಅಂತ 2025ರಲ್ಲಿ ಅಲ್ಲಿನ ಸರ್ಕಾರ ಘೋಷಣೆ ಮಾಡಬೇಕಾಯಿತು. ಒಬ್ಬೊಬ್ಬರ ತರಬೇತಿಗೂ ವರ್ಷದ ಮೇಲೆ ಬೇಕು. ಒಡೆಯೋಕೆ ಒಂದು ಆದೇಶ ಸಾಕು, ಕಟ್ಟೋಕೆ ಒಂದು ತಲೆಮಾರು. ಅಷ್ಟು ಶ್ರೀಮಂತ ದೇಶ ಬಿದ್ದ ಗುಂಡಿಗೆ ನಮ್ಮವರು ಅಂಗಿ ಬಿಚ್ಚಿ ಹಾರೋಕೆ ನಿಂತಿದ್ದಾರೆ.

ಇದರ ಬೆಲೆ ಕಟ್ಟೋರು ಯಾರು? ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಲೆಕ್ಕ ಇದೆ. 2022ರ ಡಿಸೆಂಬರ್ 31ಕ್ಕೆ ದೇಶದ ಜೈಲುಗಳಲ್ಲಿ 5,73,220 ಜನ ಇದ್ದರು. ಜಾಗ ಇದ್ದದ್ದು 4,36,266 ಜನಕ್ಕೆ. ಒಳಗಿದ್ದವರಲ್ಲಿ 4,34,302 ಜನ ವಿಚಾರಣಾಧೀನರು, ಅಂದರೆ ತಪ್ಪು ಸಾಬೀತಾಗದವರು. ಅವರಲ್ಲಿ ಹೆಚ್ಚುಕಡಿಮೆ ಅರ್ಧ ಜನ 18ರಿಂದ 30ರ ಒಳಗಿನವರು, ಅಂದರೆ ನಾನು, ನೀವು. ನೂರಕ್ಕೆ ಸುಮಾರು 21 ಜನ ಪರಿಶಿಷ್ಟ ಜಾತಿಯವರು. 2011ರ ಜನಗಣತಿಯಲ್ಲಿ ನಾವು ನೂರಕ್ಕೆ 16.6. ಕಚೇರಿಯಲ್ಲಿ ತುಂಬದ ನಮ್ಮ ಪಾಲು ಜೈಲಿನಲ್ಲಿ ಮಾತ್ರ ತುಂಬಿ ಚೆಲ್ಲಿದೆ. ಅಲ್ಲಿ ಬ್ಯಾಕ್‌ಲಾಗ್ ಇಲ್ಲ.

ಸಿಬ್ಬಂದಿ ಇಲ್ಲ ಅನ್ನೋ ಮಾತಿಗೆ ಚರಿತ್ರೆಯ ಉತ್ತರವೂ ಇದೆ. 1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯ್ದೆ ಮಾಡಿದರು. ಹುಟ್ಟಿದ ಜಾತಿಯೇ ಅಪರಾಧ ಅಂದರು. ಹುಬ್ಬಳ್ಳಿಯಲ್ಲಿ, ಗದಗದಲ್ಲಿ ತಂತಿ ಬೇಲಿ ಹಾಕಿ ಜನರನ್ನ ಕೂಡಿಹಾಕಿದ ಜಾಗಕ್ಕೆ ಇವತ್ತಿಗೂ ಸೆಟ್ಲಮೆಂಟ್ ಅಂತಲೇ ಹೆಸರು. ಹಾಜರಿ ಕೂಗೋಕೆ, ಪಾಸು ನೋಡೋಕೆ ಆಗ ಸಿಬ್ಬಂದಿ ಕೊರತೆ ಆಗಲಿಲ್ಲ. 1952ರಲ್ಲಿ ಆ ಕಾಯ್ದೆ ಹೋಯಿತು, ಅದರ ಜಾಗಕ್ಕೆ ಹಲವು ರಾಜ್ಯಗಳಲ್ಲಿ ರೂಢಿಗತ ಅಪರಾಧಿಗಳ ಕಾಯ್ದೆಗಳು ಬಂದವು. ಜೈಲು ಕೈಪಿಡಿಗಳಲ್ಲಿ ಅಡುಗೆ ಇಂಥ ಜಾತಿಯವನು, ಕಕ್ಕಸು ಇಂಥ ಜಾತಿಯವನು ಅನ್ನೋ ನಿಯಮಗಳು ಉಳಿದೇ ಇದ್ದವು. ಅವು ಸಂವಿಧಾನಕ್ಕೆ ವಿರುದ್ಧ ಅಂತ ಸುಪ್ರೀಂ ಕೋರ್ಟು ಹೇಳೋಕೆ 2024ರ ಅಕ್ಟೋಬರ್ ಬರಬೇಕಾಯಿತು. ನಮ್ಮನ್ನ ಕಾಯೋಕೆ, ಎಣಿಸೋಕೆ, ದಾಖಲು ಮಾಡೋಕೆ ಈ ಪ್ರಭುತ್ವಕ್ಕೆ ಯಾವತ್ತೂ ಜನ ಸಾಲದೆ ಬಂದಿಲ್ಲ. ನಮ್ಮ ಪರ ಒಂದು ಮಾತು ಬರೆಯೋಕೆ ಮಾತ್ರ ಜನ ಇಲ್ಲ.

ಈಗ ಹೊಸದೊಂದು ಬಂದಿದೆ, ಎಚ್ಚರ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಸಮುದಾಯ ಸೇವೆ ಅನ್ನೋ ಶಿಕ್ಷೆ ಇದೆ. 5,000 ರೂಪಾಯಿಗೆ ಕಡಿಮೆ ಬೆಲೆಯ ಕಳ್ಳತನ, ಮೊದಲನೇ ಸಲ, ಮಾಲು ವಾಪಸ್ಸು ಕೊಟ್ಟರೆ ಜೈಲಿಲ್ಲ, ಸಂಬಳವಿಲ್ಲದ ಸಾರ್ವಜನಿಕ ಕೆಲಸ. ಜೈಲಿಗಿಂತ ಒಳ್ಳೇದೇ, ನಾನು ವಿರೋಧ ಮಾಡಲ್ಲ. ಆದರೆ ಯಾವ ಕೆಲಸ? ಯಾರ ಕೈಗೆ ಯಾವುದು? ಮೇಲು ಜಾತಿಯ ಹುಡುಗನಿಗೆ ಲೈಬ್ರರಿಯ ಪುಸ್ತಕ ಜೋಡಿಸೋ ಸೇವೆ, ನಮ್ಮ ಹುಡುಗನ ಕೈಗೆ ಪೊರಕೆ, ಹೀಗಾಗಲ್ಲ ಅಂತ ಯಾರು ನೋಡ್ತಾರೆ? ನಿಂತು ನೋಡೋಕೆ ಒಬ್ಬ ತರಬೇತಾದ ಅಧಿಕಾರಿ ಇಲ್ಲದಿದ್ದರೆ ಬಿಟ್ಟಿ ಚಾಕರಿ ಕೋರ್ಟಿನ ಆದೇಶದ ಜೊತೆ ಕೇರಿಗೆ ವಾಪಸ್ಸು ಬರುತ್ತೆ.

ನಮ್ಮೊಳಗೇ ಕೆಲವು ಗೆಳೆಯರು ಕೇಳ್ತಾರೆ: "ಕಳ್ಳರ ಪರ ಯಾಕೆ? ಪ್ರೊಬೇಷನ್ ಸಡಿಲ ಮಾಡಿದರೆ ನಮ್ಮ ಮೇಲೆ ದೌರ್ಜನ್ಯ ಮಾಡಿದವನೂ ಸನ್ನಡತೆ ಅಂತ ಹೊರಗೆ ಬರಲ್ವ?" ಒಳ್ಳೇ ಪ್ರಶ್ನೆ. ಉತ್ತರ ಕಾನೂನಲ್ಲೇ ಇದೆ. 1989ರ ದೌರ್ಜನ್ಯ ತಡೆ ಕಾಯ್ದೆಯ 19ನೇ ಕಲಂ ನೋಡಿ. ಆ ಕಾಯ್ದೆಯಲ್ಲಿ ತಪ್ಪಿತಸ್ಥನಾದ 18 ದಾಟಿದವನಿಗೆ ಪ್ರೊಬೇಷನ್ ಇಲ್ಲ. ಆ ಬಾಗಿಲು ಅವರಿಗೆ ಮುಚ್ಚಿದೆ, ಮುಚ್ಚಿಯೇ ಇರಲಿ. ಅವರು ತಪ್ಪಿಸ್ಕೊಳ್ಳೋ ಬಾಗಿಲು ಬೇರೆ. ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ಜನ ದಲಿತರನ್ನ ಸುಟ್ಟರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಏಳು ಹೆಣಕ್ಕೆ ಯಾರೂ ಹೊಣೆ ಇಲ್ಲ, ತಾಮ್ರದ ತಂತಿಗೆ ನಮ್ಮ ಹುಡುಗ ಜೀವಮಾನ ಹೊಣೆ. ಕದ್ದದ್ದು ತಪ್ಪು. ಆದರೆ ತಪ್ಪಿಗೆ ತಕ್ಕಷ್ಟೇ ಶಿಕ್ಷೆ ಅನ್ನೋದು ಅವರ ಮಕ್ಕಳಿಗೆ ಹೇಗೋ ನಮ್ಮ ಮಕ್ಕಳಿಗೂ ಹಾಗೇ ಆಗಬೇಕು.

ಆದ್ದರಿಂದ ನಮ್ಮ ಒತ್ತಾಯಗಳು:

1. ಖಾಲಿ ಇರುವ ಎಲ್ಲ ಪರಿವೀಕ್ಷಣಾಧಿಕಾರಿ ಹುದ್ದೆಗಳನ್ನ ಖಾಯಂ ಆಗಿ ತುಂಬಬೇಕು. ಬ್ಯಾಕ್‌ಲಾಗ್ ಹುದ್ದೆ ಮೊದಲು.

2. ಜಿಲ್ಲೆಗೊಂದು ಗುತ್ತಿಗೆ ಹುದ್ದೆ ಅನ್ನೋ ಪದ್ಧತಿ ಹೋಗಬೇಕು. ರಾಜ್ಯಕ್ಕೊಂದು ವೃಂದ, ಅದಕ್ಕೊಂದು ರೋಸ್ಟರ್. ತಾಲ್ಲೂಕು ಕೋರ್ಟಿಗೊಬ್ಬ ಅಧಿಕಾರಿ.

3. ಈಗ ಗುತ್ತಿಗೆಯಲ್ಲಿ ದುಡಿಯುತ್ತಿರುವವರ ಅನುಭವಕ್ಕೆ ನೇಮಕಾತಿಯಲ್ಲಿ ಬೆಲೆ ಕೊಡಬೇಕು. ಅವರನ್ನ ಬೀದಿಗೆ ಹಾಕಿ ಆ ಜಾಗಕ್ಕೆ ನಮ್ಮನ್ನ ಕರೆದರೆ ನಾವು ಬರಲ್ಲ.

4. ಒಬ್ಬರ ಕೈಲಿ ಇಷ್ಟೇ ಕೇಸು ಅಂತ ಮಿತಿ ಬರೆದು ಪ್ರಕಟಿಸಬೇಕು. ಓಡಾಡೋಕೆ ವಾಹನ, ಭತ್ಯೆ ಕೊಡಬೇಕು.

5. ಸಮುದಾಯ ಸೇವೆಯ ಶಿಕ್ಷೆಯಲ್ಲಿ ಯಾರಿಗೆ ಯಾವ ಕೆಲಸ ಕೊಟ್ಟರು ಅನ್ನೋ ಪಟ್ಟಿ ಸಾರ್ವಜನಿಕರಿಗೆ ಸಿಗಬೇಕು. ಪೊರಕೆ, ಚರಂಡಿ, ಕಕ್ಕಸಿನ ಕೆಲಸ ಜಾತಿ ನೋಡಿ ಹಂಚಿದ್ದು ಕಂಡರೆ ಕೇಸು ಹಾಕಬೇಕು.

ಸರ್ಕಾರ ತಾನಾಗೇ ಮಾಡುತ್ತೆ ಅಂತ ಕೂರಬೇಡಿ. ನಾವು ಮಾಡಬೇಕಾದ್ದು ಇದೆ. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ, ಉತ್ತರಕ್ಕೆ 30 ದಿನ. ಪ್ರತಿ ಹಾಸ್ಟೆಲ್ಲಿಂದ ಒಂದೊಂದು ಅರ್ಜಿ ಹೋಗಲಿ. ಏನು ಕೇಳಬೇಕು? ನಮ್ಮ ಜಿಲ್ಲೆಯಲ್ಲಿ ಮಂಜೂರಾದ ಹುದ್ದೆ ಎಷ್ಟು, ತುಂಬಿದ್ದೆಷ್ಟು, ಖಾಲಿ ಎಂದಿನಿಂದ, ಗುತ್ತಿಗೆಯವರೆಷ್ಟು, ಹೋದ ವರ್ಷ ಕೋರ್ಟು ಕೇಳಿದ ವರದಿ ಎಷ್ಟು, ಕೊಟ್ಟದ್ದೆಷ್ಟು. ಆರೇ ಪ್ರಶ್ನೆ. ಬಂದ ಉತ್ತರಗಳನ್ನ ಒಂದು ಕಡೆ ಸೇರಿಸಿದರೆ, ಅದೇ ನಮ್ಮ ಮೆರವಣಿಗೆಯ ಫಲಕ.

ಇನ್ನೊಂದು. ನಿಮ್ಮ ಕೇರಿಯ ಹುಡುಗನನ್ನ ಹಿಡಿದರೆ ಕೋರ್ಟಿಗೆ ಹೋಗಿ ನಿಲ್ಲಿ. ಪರಿಶಿಷ್ಟ ಜಾತಿ ಪಂಗಡದವರಿಗೆ, ಬಂಧನದಲ್ಲಿರೋರಿಗೆ 1987ರ ಕಾನೂನು ಸೇವೆಗಳ ಕಾಯ್ದೆಯಲ್ಲಿ ವಕೀಲರ ನೆರವು ಉಚಿತ. ಆ ವಕೀಲರಿಗೆ 4 ಮತ್ತು 6ನೇ ಕಲಂ ಜ್ಞಾಪಿಸಿ. ಶಾಲೆಯ ಸರ್ಟಿಫಿಕೇಟು, ವಯಸ್ಸಿನ ದಾಖಲೆ, ಕೆಲಸ ಕೊಡ್ತೀನಿ ಅನ್ನೋರ ಪತ್ರ ಸಿದ್ಧ ಮಾಡಿ ಅಧಿಕಾರಿಯ ಕೈಗೆ ಮುಟ್ಟಿಸಿ. "ಒಪ್ಕೊಂಡ್ಬಿಡು, ಬಿಟ್ಟುಬಿಡ್ತಾರೆ" ಅನ್ನೋ ಮಾತಿಗೆ ತಲೆ ಆಡಿಸೋ ಮುಂಚೆ, ಆಮೇಲೆ ಅರ್ಜಿಯ ಆ ಒಂದು ಸಾಲಿನಲ್ಲಿ ಏನು ಬರೀಬೇಕಾಗುತ್ತೆ ಅಂತ ಆ ಹುಡುಗನಿಗೆ ಹೇಳಿ. ನನಗೆ ಅವತ್ತು ಇದು ಗೊತ್ತಿರಲಿಲ್ಲ. ಬಿ.ಎ. ಓದ್ತಿದ್ದೆ, ಪದ್ಯ ಬರೀತಿದ್ದೆ, ಆದರೆ ಈ ನಾಲ್ಕು ಕಲಮು ಗೊತ್ತಿರಲಿಲ್ಲ. ಅದರ ಸಾಲ ನನ್ನ ಮೇಲೂ ಇದೆ. ಅದಕ್ಕೇ ಇದನ್ನ ಬರೀತಿದೀನಿ.

ಮೊನ್ನೆ ಊರಿಗೆ ಹೋದಾಗ ಆ ಹುಡುಗನ ಅವ್ವ ಸಿಕ್ಕಿದ್ದಳು. ಮಗ ಯಾವುದೋ ಊರಲ್ಲಿ ಕಲ್ಲಿನ ಕ್ವಾರಿಯಲ್ಲಿದ್ದಾನಂತೆ. ಅಲ್ಲಿ ಯಾರೂ ಅರ್ಜಿ ತುಂಬಿಸ್ಕೊಳ್ಳಲ್ಲವಂತೆ. ಅವಳು ನನ್ನ ಕೇಳಿದ್ದು ಒಂದೇ ಮಾತು: "ಮಗ, ಆ ಕಾಗ್ದ ಬರಿಯೋ ಕುರ್ಚೀಗೆ ಈಗಾದ್ರೂ ಯಾರಾದ್ರೂ ಬಂದವರಾ?"

ಇಲ್ಲವ್ವ, ಇನ್ನೂ ಬಂದಿಲ್ಲ ಅಂದೆ. ಗೆಳೆಯರೇ, ಆ ಉತ್ತರವನ್ನ ನಾವೆಲ್ಲ ಸೇರಿ ಬದಲಾಯಿಸಬೇಕು.

ಜೈ ಭೀಮ್.